‘ಆಜಾದ್’: ಹುಟ್ಟಿನಿಂದ ಹಕ್ಕಿನವರೆಗೆ

ಯುಗಾದಿಯಂದು ಬೆಲ್ಲದೊಡನೆ ಸವಿಯುವ ಬೇವಿನ ಸಸ್ಯಶಾಸ್ತ್ರೀಯ ಹೆಸರು ‘ಅಜಾಡಿರಾಕ್ಟ ಇಂಡಿಕಾ’. ಇದರ ಮೊದಲ ಪದ ‘ಆಜಾದ್ ದರಖ್ತ್’ ಎಂಬ ಪರ್ಷಿಯನ್ ಹೆಸರಿನಿಂದ ಬಂದದ್ದು. ದರಖ್ತ್ ಎಂದರೆ ಮರ. ಆಜಾದ್ ಎಂದರೆ ಸ್ವತಂತ್ರ ಎಂಬುದು ಎಲ್ಲರಿಗೂ ಗೊತ್ತು. ಆದರೆ ಮರಕ್ಕೆಲ್ಲಿಯ ಸ್ವಾತಂತ್ರ್ಯ? ಈ ಪದಕ್ಕೆ ‘ಕುಲೀನ’, ‘ಶ್ರೇಷ್ಠ’ ಎಂಬ ಇನ್ನೂ ಹಳೆಯ ಅರ್ಥವಿದೆ.

ಪರ್ಷಿಯನ್ ಮತ್ತು ಸಂಸ್ಕೃತ ಒಂದೇ ಭಾಷಾ ಕುಟುಂಬದವು. ‘ಆಜಾನುಬಾಹು’ ಪದದಲ್ಲಿರುವ ‘ಜಾನು’ ಪರ್ಷಿಯನ್ನಿನಲ್ಲೂ ಮೊಣಕಾಲೇ. ‘ಜ’ಕಾರದ ಉಚ್ಚಾರ ಮಾತ್ರ ಬೇರೆ. ಹಾಗೆಯೇ ‘ಆಜಾದ್’ನಲ್ಲಿ ಅಡಗಿರುವುದು ‘ಜಾತ’, ಅಂದರೆ ಹುಟ್ಟಿದವನು. ಕುಲದೊಳಗೆ ಹುಟ್ಟಿದವನೇ ಆಜಾದ್. ನಮ್ಮ ‘ಅಭಿಜಾತ’ ಪದದ ಹಾದಿಯೂ ಇದೇ. ಕುಲದವನಿಗೆ ಹಕ್ಕುಗಳಿದ್ದವು, ಸೆರೆಯಾಳಿಗೆ ಇರಲಿಲ್ಲ. ಹೀಗೆ ಕುಲೀನತೆ ಹಾಗೂ ಸ್ವಾತಂತ್ರ್ಯ ಒಂದೇ ಪದದಲ್ಲಿ ಸೇರಿಕೊಂಡವು.

3ನೇ ಶತಮಾನದ ಸಾಸಾನಿ ದೊರೆ ಒಂದನೇ ಶಾಪುರ ಬಾಣ ಬಿಟ್ಟು ತನ್ನ ಬಿಲ್ಲುಗಾರಿಕೆ ತೋರಿದ ಸಂಗತಿ ಇರಾನಿನ ಹಾಜಿಯಾಬಾದ್ ಶಾಸನದಲ್ಲಿದೆ. ಆಗ ಎದುರಿಗಿದ್ದವರು 4 ವರ್ಗದವರು: ಪ್ರಾಂತಗಳ ಅರಸರು, ರಾಜವಂಶದವರು, ದೊಡ್ಡ ಸರದಾರರು, ಕೊನೆಗೆ ಆಜಾದರು. ಇವರು ಕುಲೀನ ವರ್ಗದ ಕೆಳಗಿನ ಮೆಟ್ಟಿಲಿನವರು. ಯುದ್ಧಕ್ಕೆ ಕುದುರೆಯೇರಿ ಹೋಗುತ್ತಿದ್ದವರು. ಹೊಲ ಉಳುವವನಿಗೆ ಈ ಪಟ್ಟಿಯಲ್ಲಿ ಜಾಗವಿರಲಿಲ್ಲ.

ನೆರೆಯ ಅರ್ಮೇನಿಯನ್ನರು ಈ ಪದವನ್ನು ‘ಅಜಾತ್’ ಎಂದು ಸ್ವೀಕರಿಸಿದರು. ಅಲ್ಲಿಯೂ ಅದು ಮೊದಲು ಕುದುರೆ ಸವಾರರಾದ ಕುಲೀನರ ಹೆಸರಾಗಿತ್ತು. ಇಂದು ಅರ್ಮೇನಿಯನ್ ಭಾಷೆಯಲ್ಲಿ ‘ಅಜಾತುತ್ಯುನ್’ ಎಂದರೆ ಎಲ್ಲರ ಸ್ವಾತಂತ್ರ್ಯ. ತುರ್ಕಿ ಭಾಷೆಗೆ ಹೋದಾಗ ಪದ ಮತ್ತೊಂದು ಮಗ್ಗುಲಿಗೆ ಹೊರಳಿತು. ಅಲ್ಲಿ ‘ಆಜಾತ್ ಎತ್ಮೆಕ್’ ಎಂದರೆ ಗುಲಾಮನನ್ನು ಬಿಡುಗಡೆ ಮಾಡುವುದು. ಹುಟ್ಟಿನಿಂದಷ್ಟೇ ದಕ್ಕುತ್ತಿದ್ದುದು ಆನಂತರವೂ ದೊರೆಯಬಹುದು ಎಂದಾಯಿತು.

ಭಾರತದಲ್ಲಿ ಪರ್ಷಿಯನ್ ಶತಮಾನಗಳ ಕಾಲ ಆಡಳಿತದ ಭಾಷೆಯಾಗಿತ್ತು. ಅದರ ಮೂಲಕ ಪದ ಉರ್ದು, ಹಿಂದಿಗಳಲ್ಲಿ ನೆಲೆಯೂರಿತು. 1921ರಲ್ಲಿ ಅಸಹಕಾರ ಚಳವಳಿಯಲ್ಲಿ ಬಂಧಿತನಾದ ಹದಿಹರೆಯದ ಚಂದ್ರಶೇಖರ ತಿವಾರಿ ನ್ಯಾಯಾಲಯದಲ್ಲಿ ತನ್ನ ಹೆಸರು ‘ಆಜಾದ್’ ಎಂದ. ಹುಟ್ಟಿನ ಕುಲವನ್ನು ಸೂಚಿಸುತ್ತಿದ್ದ ಪದವೇ ಕುಲನಾಮದ ಜಾಗದಲ್ಲಿ ಬಂದು ಕುಳಿತಿತು. 1943ರ ಅಕ್ಟೋಬರ್ 21ರಂದು ಸುಭಾಷ್‌ಚಂದ್ರ ಬೋಸ್ ಸಿಂಗಪುರದಲ್ಲಿ ಸ್ಥಾಪಿಸಿದ ಸರ್ಕಾರಕ್ಕೆ ‘ಆಜಾದ್ ಹಿಂದ್’ ಎಂದೇ ಹೆಸರು. ಕರ್ನಾಟಕದ ಊರುಗಳ ‘ಆಜಾದ್ ನಗರ’ಗಳಲ್ಲೂ ಈ ಪದ ಉಳಿದಿದೆ.

ಪದದ ತವರಾದ ಇರಾನಿನಲ್ಲಿ ಅದರ ಪಯಣ ಮುಗಿದಿಲ್ಲ. ತೆಹರಾನಿನಲ್ಲಿ 1971ರಲ್ಲಿ ಅರಸೊತ್ತಿಗೆಯ ಸ್ಮಾರಕವಾಗಿ ಎದ್ದ ಗೋಪುರಕ್ಕೆ 1979ರ ಕ್ರಾಂತಿಯ ನಂತರ ‘ಆಜಾದಿ’ ಎಂಬ ಹೆಸರಾಯಿತು. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಪೊಲೀಸರ ವಶದಲ್ಲಿದ್ದ ಕುರ್ದಿಷ್ ಯುವತಿ ಮಹ್ಸಾ ಅಮಿನಿ ಮೃತಪಟ್ಟಾಗ ಹೆಣ್ಣುಮಕ್ಕಳು ಬೀದಿಗಿಳಿದು ಅದೇ ಪದವನ್ನು ಮತ್ತೆ ಕೂಗಬೇಕಾಯಿತು. ಅವರ ಘೋಷಣೆಯಲ್ಲಿ ಇದ್ದುದು ಮೂರೇ ಪದ: ಮಹಿಳೆ, ಬದುಕು, ಆಜಾದಿ.