ಮಾಳಿಗೆ ಹೊತ್ತ ಭಾರ

ಸೊರಟೂರ ಎಂದೊಡನೆ ಇತಿಹಾಸದ ವಿದ್ಯಾರ್ಥಿಗಳಿಗೆ ಹೊಯ್ಸಳ ಇಮ್ಮಡಿ ಬಲ್ಲಾಳನಿಗೂ ಸೇವುಣರ ಐದನೆಯ ಭಿಲ್ಲಮನಿಗೂ ಸುಮಾರು 1190ರಲ್ಲಿ ನಡೆದ ಕಾಳಗ ನೆನಪಾಗುತ್ತದೆ. ಗದಗ ಸೀಮೆಯ ಇಂಥ ಊರುಗಳಿಗೆ ಶಾಸನಗಳಲ್ಲಿ ಬಾರದ ಇನ್ನೊಂದು ಇತಿಹಾಸವೂ ಇದೆ. ಅದನ್ನು ಓದಬೇಕಾದರೆ ತಲೆಯೆತ್ತಿ ಮಾಳಿಗೆಯನ್ನು ನೋಡಬೇಕು.

ಈ ಸೀಮೆಯ ಹಳೆಯ ಮನೆಗಳದು ಮಣ್ಣಿನ ಮೇಲ್ಮುದ್ದೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಇಲ್ಲವೆ ಕಟ್ಟಿಗೆ ಹಾಸಿ ಮಣ್ಣು ಮೆತ್ತುತ್ತಿದ್ದರು. ಬೆಳಕಿಗೊಂದು ಬೆಳಕಿಂಡಿ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಬಯಲುಸೀಮೆಗೆ ಇದು ತಕ್ಕ ಛಾವಣಿಯೇ. ಸೋರಿದಾಗಲೆಲ್ಲ ಮೇಲೆ ಸವಳು ಮಣ್ಣು ಹಾಕುವುದು ರೂಢಿ. ಹೀಗೆ ವರ್ಷ ಕಳೆದಂತೆ ಮಾಳಿಗೆ ದಪ್ಪವಾಗುತ್ತ ಬಂತು; ಕೆಳಗಿನ ತೊಲೆ ಮಾತ್ರ ಅಜ್ಜನ ಕಾಲದ್ದೇ ಉಳಿಯಿತು.

ಒಂದು ಅಡಿ ದಪ್ಪದ ಮಣ್ಣು ಚದರ ಮೀಟರಿಗೆ ಸುಮಾರು 500 ಕೆ.ಜಿ. ತೂಗುತ್ತದೆ, ನೆನೆದರೆ ಇನ್ನೂ ಹೆಚ್ಚು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಮಳೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು, ಜನ ಸತ್ತರು. ನೆನೆದ ಗೋಡೆಯ ಮೇಲೆ ನೆನೆದ ಮಾಳಿಗೆ ಎಷ್ಟು ಹೊತ್ತು ನಿಂತೀತು?

ಈಗ ಅದೇ ಛಾವಣಿಗಳತ್ತ ಸೌರಫಲಕಗಳು ಬರುತ್ತಿವೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಸಿಲಿಕಾನ್ ಸೌರಕೋಶ, 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯ ಸಹಾಯಧನದಿಂದ ಸಾಮಾನ್ಯರ ಮನೆಗೂ ಹತ್ತಿರವಾಗಿದೆ. ಚೌಕಟ್ಟು ಸೇರಿ ಫಲಕದ ತೂಕ ಚದರ ಮೀಟರಿಗೆ 15ರಿಂದ 20 ಕೆ.ಜಿ. ಮಾತ್ರ. 500 ಕೆ.ಜಿ. ಹೊತ್ತ ಮಾಳಿಗೆಗೆ ಇದು ಯಾವ ಲೆಕ್ಕ ಎನ್ನಬಹುದು. ಎಡವುವುದು ಅಲ್ಲಿಯೇ.

ಮೊದಲನೆಯದಾಗಿ, ಆ ತೂಕ ಮಣ್ಣಿನಂತೆ ಎಲ್ಲೆಡೆ ಹರಡುವುದಿಲ್ಲ. ಚೌಕಟ್ಟಿನ ನಾಲ್ಕಾರು ಕಾಲುಗಳ ಮೂಲಕ ಇಳಿಯುತ್ತದೆ. ಕಾಲು ಎರಡು ಜಂತಿಗಳ ನಡುವೆ ಬಿದ್ದರೆ ಹಲಗೆ ಮುರಿಯುತ್ತದೆ. ಎರಡನೆಯದು ಗಾಳಿ. ಸೆಕೆಂಡಿಗೆ 33 ಮೀಟರ್ ವೇಗದ ಬಿರುಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 65 ಕೆ.ಜಿ. ಭಾರಕ್ಕೆ ಸಮ. ಓರೆಯಾಗಿ ನಿಂತ ಫಲಕವನ್ನು ಅದು ಮೇಲಕ್ಕೆ ಕಿತ್ತೆಸೆಯಬಲ್ಲದು. ಕಪ್ಪತಗುಡ್ಡದ ಗಾಳಿಯಂತ್ರಗಳನ್ನು ಕಂಡವರಿಗೆ ಈ ಸೀಮೆಯ ಗಾಳಿಯ ಪರಿಚಯ ಬೇಕಿಲ್ಲ. ಮೂರನೆಯದು, ಬೋಲ್ಟಿಗಾಗಿ ಕೊರೆದ ತೂತು. ಅದರಿಂದ ನೀರಿಳಿದರೆ ತೊಲೆ ಕೊಳೆಯುತ್ತದೆ, ಕಾಂಕ್ರೀಟಿನ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ.

ಕಾಂಕ್ರೀಟ್ ಛಾವಣಿಗೆ ಲೆಕ್ಕವಿದೆ. 1987ರಲ್ಲಿ ಪರಿಷ್ಕರಿಸಿದ ಭಾರತೀಯ ಮಾನಕ 875ರ ಪ್ರಕಾರ, ಜನ ಹತ್ತಿ ಓಡಾಡುವ ಸಮತಟ್ಟು ಛಾವಣಿ ತನ್ನ ತೂಕವಲ್ಲದೆ ಚದರ ಮೀಟರಿಗೆ ಸುಮಾರು 150 ಕೆ.ಜಿ. ತಾಳಬೇಕು, ಹತ್ತದ ಛಾವಣಿಗೆ ಅದರ ಅರ್ಧ. ಆದರೆ ಆ ಮೀಸಲಿನಲ್ಲಿ ನೀರಿನ ಟಾಕಿ ಆಗಲೇ ಪಾಲು ಪಡೆದಿರಬಹುದು.

ಮಣ್ಣಿನ ಮಾಳಿಗೆಯ ಮನೆಯಾದರೆ ಅಂಗಳದಲ್ಲಿ ಬೇರೆ ಕಂಬ ನೆಟ್ಟು ಫಲಕ ಕೂಡಿಸುವುದೇ ಕ್ಷೇಮ. ಕಾಂಕ್ರೀಟಿನಲ್ಲಿ ಕಾಲುಗಳು ಗೋಡೆ, ತೊಲೆಗಳ ನೇರಕ್ಕೆ ಬರಲಿ. ಎಂಜಿನಿಯರರು ಮೊದಲು ಕೆಳಗಿನಿಂದ ಬಿರುಕು ನೋಡಲಿ, ಆಮೇಲೆ ಮೇಲೆ ಹತ್ತಲಿ.

ವಿದ್ಯಾರ್ಥಿಗಳೇ, ಇಂದು ಸಂಜೆ ನಿಮ್ಮ ಮಾಳಿಗೆಯ ದಪ್ಪ ಅಳೆದು ಭಾರ ಲೆಕ್ಕಹಾಕಿ. ಮನೆಯ ಹಿರಿಯರನ್ನು ಕೇಳಿ: ಕೊನೆಯ ಸಲ ಮಣ್ಣು ಹಾಕಿದ್ದು ಯಾವಾಗ, ತೊಲೆ ನೋಡಿದ್ದು ಯಾವಾಗ?