ಕೊನೆಯ ಬೆಂಚಿನ ಮೌನಕ್ಕೆ ಹೆಸರು ಬಂದದ್ದು

ಮೂಡುಬಿದಿರೆಯಲ್ಲಿ ಮಹಾವೀರ ಕಾಲೇಜು 1965ರಲ್ಲಿ ಆರಂಭವಾಯಿತು. ಮರುವರ್ಷ ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು. ಪದವಿಗಾಗಿ ಮಂಗಳೂರು, ಪುತ್ತೂರು, ಕಾರ್ಕಳವೆಂದು ಅಲೆಯಬೇಕಿದ್ದ ಬಂಟ್ವಾಳ, ಬೆಳ್ತಂಗಡಿ ಕಡೆಯ ಮಕ್ಕಳಿಗೆ ಕಾಲೇಜು ಹತ್ತಿರವಾಯಿತು. ಅವರಲ್ಲಿ ಕೆಲವರನ್ನು ಸಹಪಾಠಿಗಳು ಗುಮ್ಮನಗುಸುಕ ಎಂದು ಕರೆದಿರಬೇಕು. ಲೆಕ್ಕದಲ್ಲಿ ಚುರುಕು, ಬೆರೆಯುವುದರಲ್ಲಿ ಹಿಂದು. ಲಿಖಿತ ಪರೀಕ್ಷೆಯಲ್ಲಿ ಸರಾಗ, ವೈವಾದಲ್ಲಿ ಮೂಕ. ಇವರನ್ನು ಗುರುತಿಸಲು ಅಧ್ಯಾಪಕರ ಬಳಿ ಬೇರೆ ಪದವಿರಲಿಲ್ಲ.

ವೈದ್ಯಶಾಸ್ತ್ರವೇ ಆಗ ತಡವರಿಸುತ್ತಿತ್ತು. ಅಮೆರಿಕದ ಲಿಯೋ ಕ್ಯಾನರ್ 1943ರಲ್ಲಿ 11 ಮಕ್ಕಳನ್ನು ಗಮನಿಸಿ ಆಟಿಸಂ, ಅಂದರೆ ಸ್ವಲೀನತೆಯನ್ನು ವಿವರಿಸಿದ್ದರು. ಮರುವರ್ಷ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಮಾತು ಬಲ್ಲ, ಆದರೆ ಬೆರೆಯಲಾರದ ಹುಡುಗರ ಬಗ್ಗೆ ಜರ್ಮನ್ ಭಾಷೆಯಲ್ಲಿ ಬರೆದರು. ಹೊರಗೆ ಅದನ್ನು ಓದಿದವರು ಕಡಿಮೆ. 1960ರ ದಶಕದಲ್ಲಿ ತಾಯಿಯ ಮೇಲೆ ದೋಷ ಹೊರಿಸುವ ವಾದ ಜೋರಾಗಿತ್ತು. ವಿಜ್ಞಾನ ಓದಿದ ನನಗೆ ಇಂದಿಗೂ ನಾಚಿಕೆ ತರಿಸುವ ಅಧ್ಯಾಯವಿದು. 1981ರಲ್ಲಿ ಲಂಡನ್ನಿನ ಲೋರ್ನಾ ವಿಂಗ್ ಆಸ್ಪರ್ಗರರ ಲೇಖನವನ್ನು ಬೆಳಕಿಗೆ ತಂದ ಮೇಲೆಯೇ ಕಾಲೇಜಿನ ಮೆಟ್ಟಿಲೇರಬಲ್ಲ ಸ್ವಲೀನತೆಯವರತ್ತ ವೈದ್ಯರ ದೃಷ್ಟಿ ಹೊರಳಿತು.

ನಮ್ಮ ಕಾನೂನು ಇನ್ನೂ ತಡ. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಬಂತು. 2016ರ ಕಾಯ್ದೆ ಅದನ್ನೂ ಒಳಗೊಂಡು, ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿಕಲಚೇತನರಿಗೆ ಕನಿಷ್ಠ ಶೇಕಡಾ 5 ಸೀಟು ಮೀಸಲಿಟ್ಟಿತು. ಶೇಕಡಾ 40ರಷ್ಟಾದರೂ ವಿಕಲತೆಯ ಪ್ರಮಾಣಪತ್ರ ಬೇಕು.

ಸೀಟು ಸಿಕ್ಕಿದ ಮೇಲೇನು? ಸ್ವಲೀನತೆ ಮನೋರೋಗವಲ್ಲ, ಮೆದುಳಿನ ಬೆಳವಣಿಗೆಯ ಬೇರೊಂದು ಬಗೆ. ಆದರೆ ಇವರಲ್ಲಿ ಆತಂಕ, ಖಿನ್ನತೆ, ಆತ್ಮಹತ್ಯೆಯ ಯೋಚನೆ ಇತರರಿಗಿಂತ ಹೆಚ್ಚು. ಎಲ್ಲರಂತೆ ಕಾಣಲು ದಿನವಿಡೀ ನಟಿಸುವ ಆಯಾಸ ಅದಕ್ಕೊಂದು ಕಾರಣ. ನಮ್ಮ ಸ್ಟುಡಿಯೋದ ಪ್ರಖರ ದೀಪಗಳ ಕೆಳಗೆ ಅರ್ಧ ಗಂಟೆ ಕೂತ ಅತಿಥಿಗಳೇ ಬೆವರೊರೆಸಿಕೊಂಡು ಏಳುತ್ತಾರೆ. ಇವರಲ್ಲಿ ಅನೇಕರಿಗೆ ತುಂಬಿದ ಬಸ್ಸು, ಹಾಸ್ಟೆಲಿನ ಊಟದ ಗದ್ದಲ, ದಿಢೀರನೆ ಬದಲಾಗುವ ಟೈಂಟೇಬಲ್ಲು ನಿತ್ಯವೂ ಅಂಥದೇ ಅನುಭವ. ಬದಲಾವಣೆಯನ್ನು ಹಿಂದಿನ ದಿನವೇ ಬರೆದು ತಿಳಿಸುವುದು, ವೈವಾದಲ್ಲಿ ಉತ್ತರಕ್ಕೆ ತುಸು ಕಾಯುವುದು, ಬಿಡುವಿನಲ್ಲಿ ಕೂರಲು ಸದ್ದಿಲ್ಲದ ಕೋಣೆ ಬಿಟ್ಟುಕೊಡುವುದು – ಇದಕ್ಕೆ ಹೊಸ ಕಟ್ಟಡವೇನೂ ಬೇಡ.

ಖಿನ್ನತೆಗೆ ಚಿಕಿತ್ಸೆಯೂ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್‌ಗೆ 14416ರಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆದರೆ ಅಪರಿಚಿತರೊಡನೆ ಫೋನಿನಲ್ಲಿ ಮಾತು ಆರಂಭಿಸುವುದೇ ಇವರಲ್ಲಿ ಹಲವರಿಗೆ ಕಷ್ಟ. ಮೊದಲ ಸಲ ಪಕ್ಕದಲ್ಲಿ ಕೂತು ನಂಬರು ಒತ್ತಿಕೊಡುವ ಒಬ್ಬ ಉಪನ್ಯಾಸಕರು ಕಾಲೇಜಿನಲ್ಲಿರಬೇಕು.