ಜನಾಭಿಪ್ರಾಯ ಸಮೀಕ್ಷೆಯ ಪ್ರಾಮಾಣ್ಯ: ಎರಡು ಅಮೆರಿಕನ್ ಚುನಾವಣೆಗಳ ಸಾಕ್ಷ್ಯ

ಪಕ್ಷರಾಜಕಾರಣದಲ್ಲಿ ಜನಾಭಿಪ್ರಾಯ ಸಮೀಕ್ಷೆಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ವಿಚಾರಿಸುವವರು ಸಾಮಾನ್ಯವಾಗಿ ಎರಡು ಆಧಾರಗಳನ್ನು ಹಿಡಿಯುತ್ತಾರೆ: ಪ್ರಶ್ನಿಸಲ್ಪಟ್ಟವರ ಸಂಖ್ಯೆ ಒಂದು, ಸಮೀಕ್ಷಕರ ಪೂರ್ವಕೀರ್ತಿ ಇನ್ನೊಂದು. ಇವೆರಡೂ ಪ್ರಮಾಣವಾಗಲಾರವೆಂಬುದು 1936 ಮತ್ತು 1948ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನಿಸ್ಸಂಶಯವಾಗಿ ತಿಳಿಯುತ್ತದೆ.

1932ರಲ್ಲಿ ಡೆಮಾಕ್ರಟಿಕ್ ಪಕ್ಷದ ರೂಸ್‌ವೆಲ್ಟರ ವಿಜಯವನ್ನು ಬಹುಮಟ್ಟಿಗೆ ಸರಿಯಾಗಿ ಮುನ್ನುಡಿದು ಹೆಸರಾಗಿದ್ದ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯು, 1936ರಲ್ಲಿ ಸುಮಾರು ಒಂದು ಕೋಟಿ ಮಾದರಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿ, 23 ಲಕ್ಷಕ್ಕೂ ಮಿಕ್ಕ ಉತ್ತರಗಳನ್ನು ಪಡೆದು, ಅವರ ಎದುರಾಳಿ, ರಿಪಬ್ಲಿಕನ್ ಪಕ್ಷದ ಲ್ಯಾಂಡನ್ನರಿಗೆ ಶೇಕಡ 57ರಷ್ಟು ಮತಗಳು ದೊರೆಯುವುವೆಂದು ಸಾರಿತು. ರೂಸ್‌ವೆಲ್ಟರು ಶೇಕಡ 61ರ ಸಮೀಪದ ಮತಗಳಿಂದ, 48 ರಾಜ್ಯಗಳ ಪೈಕಿ 46ರಲ್ಲಿ ಗೆದ್ದರು. ದೂರವಾಣಿ ಸೂಚಿಗಳಿಂದಲೂ ಮೋಟಾರು ವಾಹನ ನೋಂದಣಿಗಳಿಂದಲೂ ಸಂಗ್ರಹಿಸಿದ ವಿಳಾಸಗಳಲ್ಲಿ, ಆ ಆರ್ಥಿಕ ಮುಗ್ಗಟ್ಟಿನ ಕಾಲದ ಬಡಜನರು ಸೇರಿರಲಿಲ್ಲವೆಂಬ ಕಾರಣವನ್ನು ಎಲ್ಲರೂ ಹೇಳುವರು. ಅದು ನಿಜವೇ, ಆದರೆ ಮತಪತ್ರ ತಲಪಿದವರಲ್ಲಿ ಮುಕ್ಕಾಲು ಪಾಲು ಜನ ಮೌನವಾಗಿಯೇ ಉಳಿದರೆಂಬುದನ್ನೂ, ಉತ್ತರಿಸುವ ಉತ್ಸಾಹವು ರೂಸ್‌ವೆಲ್ಟರ ವಿರೋಧಿಗಳಲ್ಲಿಯೇ ಅಧಿಕವಾಗಿದ್ದಿತೆಂಬುದನ್ನೂ ಈಚಿನ ಸಂಶೋಧಕರು ಎತ್ತಿ ತೋರಿಸಿದ್ದಾರೆ. ನನ್ನ ದೃಷ್ಟಿಯಲ್ಲಿ ಈ ಮೌನದ ದೋಷವೇ ಗುರುತರವಾದುದು.

ಅದಕ್ಕಿಂತ ಬಹು ಕಡಿಮೆ ಜನರನ್ನು ಪ್ರಶ್ನಿಸಿ ‘ಡೈಜೆಸ್ಟ್’ನ ಸೋಲನ್ನು ಮೊದಲೇ ನುಡಿದ ಸಮೀಕ್ಷಕ ಜಾರ್ಜ್ ಗ್ಯಾಲಪ್ಪರ ಕೀರ್ತಿ ಅಂದಿನಿಂದ ಬೆಳೆಯಿತು. ಆದರೆ ಅವರು ರೂಸ್‌ವೆಲ್ಟರಿಗೆ ಕೊಟ್ಟ ಅಂಕಿಯು ಶೇಕಡ 56ರ ಆಸುಪಾಸಿನದು. ಎಂದರೆ, ಐದು ಅಂಶಗಳಷ್ಟು ಕಡಿಮೆ. ವಿಜಯದ ಅಂತರ ವಿಶಾಲವಾಗಿದ್ದುದರಿಂದ ಈ ನ್ಯೂನತೆ ಯಾರ ಕಣ್ಣಿಗೂ ಬೀಳಲಿಲ್ಲ. 1948ರಲ್ಲಿ ಅವರು ಡೆಮಾಕ್ರಟಿಕ್ ಅಭ್ಯರ್ಥಿ ಟ್ರೂಮನ್ನರಿಗೆ ಶೇಕಡ 44.5, ರಿಪಬ್ಲಿಕನ್ ಅಭ್ಯರ್ಥಿ ಡ್ಯೂಯಿಯವರಿಗೆ 49.5 ಎಂದು ಎಣಿಸಿದರು. ಟ್ರೂಮನ್ನರು ಶೇಕಡ 49.5ಕ್ಕೂ ತುಸು ಮೇಲೆ ಪಡೆದು ಗೆದ್ದರು. ಅದೇ ಐದು ಅಂಶಗಳ ದೋಷ, ಅದೇ ಡೆಮಾಕ್ರಟಿಕ್ ಪಕ್ಷದ ವಿಷಯದಲ್ಲಿ! ಒಮ್ಮೆ ಶಾಸ್ತ್ರವಿಜಯವೆನಿಸಿದ್ದು ಮತ್ತೊಮ್ಮೆ ಅಪಕೀರ್ತಿಯಾಯಿತಾದರೆ, ಭೇದವಿದ್ದುದು ಗೆಲುವಿನ ಅಂತರದಲ್ಲಿಯೇ ಹೊರತು ಅಳತೆಯ ಶುದ್ಧಿಯಲ್ಲಲ್ಲ.

ಮತದಾನಕ್ಕೆ ಮುಂಚಿತವಾಗಿಯೇ ಪ್ರಶ್ನಿಸುವುದನ್ನು ನಿಲ್ಲಿಸಿದ್ದು 1948ರ ಈ ಸೋಲಿಗೆ ಒಂದು ಹೇತು. ಸ್ತ್ರೀಪುರುಷ, ವಯಸ್ಸು, ಆರ್ಥಿಕ ಸ್ಥಿತಿಗಳಿಗನುಗುಣವಾಗಿ ಇಂತಿಷ್ಟು ಮಂದಿಯೆಂದು ನಿಗದಿಪಡಿಸಿ, ಅವರೊಳಗೆ ಯಾರನ್ನು ಕೇಳಬೇಕೆಂಬುದನ್ನು ಪ್ರಶ್ನಕರ್ತರ ಇಚ್ಛೆಗೇ ಬಿಟ್ಟಿದ್ದ ಪದ್ಧತಿಯಲ್ಲಿ, ಸುಲಭವಾಗಿ ಸಿಕ್ಕುವ, ಓದುಬರೆಹ ಬಲ್ಲ, ಅನುಕೂಲಸ್ಥರ ಪಾಲು ಹೆಚ್ಚಿತೆಂಬುದು ಮತ್ತೊಂದು. ಸಮಾಜವಿಜ್ಞಾನ ಸಂಶೋಧನಾ ಮಂಡಲಿಯ ಸಮಿತಿಯೊಂದು ಇದನ್ನೆಲ್ಲ ಪರಿಶೀಲಿಸಿ 1949ರಲ್ಲಿ ವರದಿಯನ್ನು ಪ್ರಕಟಿಸಿತು. ಆಯ್ಕೆಯನ್ನು ಮನುಷ್ಯನ ಇಚ್ಛೆಗೆ ಬಿಡದೆ ಸಂಭಾವ್ಯತೆಯ ನಿಯಮಕ್ಕೆ ಒಪ್ಪಿಸುವ ಕ್ರಮವು ಅನಂತರ ಬಲಗೊಂಡಿತು.

ಆಯ್ಕೆ ಶುದ್ಧವಾದರೂ ನಮ್ಮ ದೇಶದಲ್ಲಿ ಇನ್ನೊಂದು ತೊಡಕುಂಟು. ಕರ್ನಾಟಕದ 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು ಸುಮಾರು ಶೇಕಡ 38, ಭಾರತೀಯ ಜನತಾ ಪಕ್ಷವು ಸುಮಾರು 36 ಮತಗಳನ್ನು ಪಡೆದವು. ಆದರೂ ಎರಡನೆಯದು 104 ಸ್ಥಾನಗಳನ್ನು ಗಳಿಸಿತು, ಮೊದಲನೆಯದು 80ನ್ನು ದಾಟಲಿಲ್ಲ. ಮತಗಳ ಪ್ರಮಾಣವನ್ನು ಲೋಪವಿಲ್ಲದೆ ಅಳೆದ ಸಮೀಕ್ಷಕನೂ ಇಲ್ಲಿ ಸ್ಥಾನಗಳ ವಿಷಯದಲ್ಲಿ ತಪ್ಪಬಹುದಾಗಿದ್ದಿತು. ಪ್ರಜಾಪ್ರಾತಿನಿಧ್ಯ ಕಾಯಿದೆಗೆ 2009ರ ತಿದ್ದುಪಡಿಯಿಂದ ಸೇರಿದ 126ಎ ಪ್ರಕರಣವು ಮತಗಟ್ಟೆ ಸಮೀಕ್ಷೆಗಳನ್ನು ಯಾವ ಅವಧಿಯಲ್ಲಿ ನಡೆಸಿ ಪ್ರಕಟಿಸಬಾರದೆಂಬುದನ್ನು ವಿಧಿಸುತ್ತದೆ. ಆದರೆ ಮತಪ್ರಮಾಣದಿಂದ ಸ್ಥಾನಸಂಖ್ಯೆಯನ್ನು ಹೇಗೆ ಎಣಿಸಿದರೆಂಬುದನ್ನು ಓದುಗರ ಮುಂದಿಡಬೇಕೆಂದು ಅದು ವಿಧಿಸುವುದಿಲ್ಲ.